ಹನ್ನೊಂದು ಅಕ್ಷರದೊಳಗೆ ತಾಳಮದ್ದಳೆ

ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆಂದರೆ ನಮ್ಮ ಮಾವನಿಗೆ ರಾತ್ರಿ ಉದ್ದವಾಗುತ್ತದೆ. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಉಡುಪಿಯ ಅಂಬಲಪಾಡಿಯಲ್ಲಿ ಮನೆ. ಮಳೆಗಾಲ ಪೂರ್ತಿ ಅವರಿಗೆ ಜೊತೆ ಎಂದರೆ ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಕಿಟ್ಟ ಪೆನ್‌ಡ್ರೈವ್‌ಗಳು. ಬಾಟ್ಲಿಯ ಅಡಿಯಲ್ಲಿ ಒಂದು ಹಿಡಿ ಅಕ್ಕಿ, ತೇವ ಹಿಡಿಯಬಾರದೆಂದು. ಕ್ಯಾಸೆಟ್ ಕಾಲದ ಯಕ್ಷಗಾನದ ಆಟ, ವೇಷವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಕೂಟಗಳನ್ನೆಲ್ಲ ಯಾರ‍್ಯಾರದೋ ಕೈಕಾಲು ಹಿಡಿದು ಎಂಪಿ3 ಮಾಡಿಸಿ ಅದರಲ್ಲಿ ತುಂಬಿಸಿದ್ದಾರೆ.

ಜುಲೈಯ ಒಂದು ಶನಿವಾರ ಫೋನ್ ಬಂತು. “ನೀನೊಮ್ಮೆ ಬಾ ಮಾರಾಯ. ಬಡಗಿನದ್ದು ಮೂರು ರಾತ್ರಿಯ ಆಟ ಹೋಯ್ತು.”

ಹೋಗಿ ನೋಡಿದರೆ ಸಂಗತಿ ಸರಳ. ಅತ್ತೆಯ ಭಜನೆಯ ಡ್ರೈವ್‌ನಲ್ಲಿ ಜಾಗ ಮಾಡಲೆಂದು ಹಳೆಯ ಫೋಲ್ಡರುಗಳನ್ನು ಅಳಿಸಲು ಹೊರಟವರು, ಯಕ್ಷಗಾನದ ಎರಡು ಶೈಲಿಗಳಾದ ತೆಂಕುತಿಟ್ಟು, ಬಡಗುತಿಟ್ಟುಗಳಲ್ಲಿ ಬಡಗಿನ ಡ್ರೈವ್‌ನಿಂದ ಅಳಿಸಿಬಿಟ್ಟಿದ್ದರು. ತಪ್ಪು ಅವರದಲ್ಲ. ಒಂದೇ ಸಲ ಕೊಂಡ ನಾಲ್ಕು ಕಪ್ಪು ಪೆನ್‌ಡ್ರೈವ್, ನಾಲ್ಕೂ 32 ಜಿಬಿ. ಲ್ಯಾಪ್‌ಟಾಪಿಗೆ ಯಾವುದನ್ನು ಸಿಕ್ಕಿಸಿದರೂ ತೆರೆಯ ಮೇಲೆ ಬರುವುದು ‘31 ಜಿಬಿ ವಾಲ್ಯೂಮ್’ ಎಂಬ ಒಂದೇ ಹೆಸರು. ಎರಡನ್ನು ಒಟ್ಟಿಗೆ ಸಿಕ್ಕಿಸಿದರೆ ಅವಳಿ ಮಕ್ಕಳ ಹಾಗೆ ಎರಡು ‘31 ಜಿಬಿ ವಾಲ್ಯೂಮ್’. ಹೊರಗೆ ಸ್ಟಿಕ್ಕರ್ ಅಂಟಿಸಿದ್ದರಂತೆ, ಆಟಿ ತಿಂಗಳ ಮಳೆಯ ತೇವಕ್ಕೆ ಎದ್ದುಹೋಯಿತು. ಮೊಮ್ಮಗಳ ನೇಲ್ ಪಾಲಿಶ್‌ನಲ್ಲಿ ಚುಕ್ಕಿ ಇಟ್ಟಿದ್ದರಂತೆ. ಒಂದು ಚುಕ್ಕಿ ತೆಂಕೋ ಎರಡು ಚುಕ್ಕಿ ತೆಂಕೋ ಎಂಬುದು ಮರೆತುಹೋಯಿತು.

ಪೇಟೆಯ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ “ಹೆಸರು ಬದಲಿಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು” ಎಂದರಂತೆ. ಈ ಮಾತು ನಾನು ಬೇರೆ ಕಡೆಯೂ ಕೇಳಿದ್ದೇನೆ. ಫಾರ್ಮ್ಯಾಟ್ ಮಾಡುವಾಗ ಹೆಸರು ಕೊಡಬಹುದು ಎಂಬುದು ನಿಜ, ಹೆಸರು ಕೊಡಲು ಫಾರ್ಮ್ಯಾಟ್ ಮಾಡಬೇಕು ಎಂಬುದು ಸುಳ್ಳು. ಮನೆಯ ಹೆಸರಿನ ಫಲಕ ಬದಲಿಸಲು ಯಾರೂ ಮನೆ ಕೆಡವುವುದಿಲ್ಲ. ಒಳಗಿನ ಒಂದೇ ಒಂದು ಫೈಲ್ ಮುಟ್ಟದೆ ಹೆಸರು ಬದಲಿಸಬಹುದು, ಸರಿಯಾಗಿ ಹೋದರೆ ಡ್ರೈವ್ ಒಂದಕ್ಕೆ ಎರಡು ನಿಮಿಷ. ನನಗೆ ಎರಡು ಶನಿವಾರ ಹಿಡಿಯಿತು, ಅದು ಬೇರೆ.

ಅಳಿಸಿಹೋದ ಮೂರು ರಾತ್ರಿ ನನ್ನ ಬ್ಯಾಕಪ್ ಡ್ರೈವ್‌ನಲ್ಲಿತ್ತು. ಅದನ್ನು ಮೊದಲು ವಾಪಸು ಹಾಕಿ, ಮಾವನ ಮುಖ ಸಡಿಲವಾದ ಮೇಲೆ ಕೆಲಸಕ್ಕೆ ಕೂತೆ.

ಲ್ಯಾಪ್‌ಟಾಪಿನಲ್ಲಿ ಇರುವುದು ಲಿನಕ್ಸ್ ಮಿಂಟ್. ವಿಂಡೋಸ್ ತೆವಳಲು ಶುರುಮಾಡಿದಾಗ ನಾನೇ ಹಾಕಿಕೊಟ್ಟದ್ದು. ವಿಂಡೋಸ್‌ನಲ್ಲಾದರೆ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ರೀನೇಮ್ ಒತ್ತಿದರೆ ಮುಗಿಯಿತು. ಇಲ್ಲಿ ಫೈಲ್ ಮ್ಯಾನೇಜರ್‌ನಲ್ಲಿ ಆ ದಾರಿ ಸಿಗಲಿಲ್ಲ. ಮೆನುವಿನಲ್ಲಿ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ಇದೆ, ಅದನ್ನು ತೆರೆದೆ. ಎಡಗಡೆ ಪೆನ್‌ಡ್ರೈವ್ ಆರಿಸಿದರೆ ಬಲಗಡೆ ಅದರ ಜಾಗದ ಪಟ್ಟಿ ಚಿತ್ರವಾಗಿ ಬರುತ್ತದೆ. ಕೆಳಗಿನ ಚೌಕದ ಗುಂಡಿ ಒತ್ತಿ ಅನ್‌ಮೌಂಟ್ ಮಾಡಿ (ಎಂದರೆ ಕಂಪ್ಯೂಟರಿನ ಹಿಡಿತದಿಂದ ಡ್ರೈವನ್ನು ಬಿಡಿಸಿ; ಹಿಡಿದುಕೊಳ್ಳುವುದು ಮೌಂಟ್), ಪಕ್ಕದ ಹಲ್ಲುಚಕ್ರದ ಗುಂಡಿಯಲ್ಲಿ ‘ಎಡಿಟ್ ಫೈಲ್‌ಸಿಸ್ಟಮ್’ ಆರಿಸಿ, ಹೆಸರು ಬರೆದು, ಪಾಸ್‌ವರ್ಡ್ ಕೇಳಿದರೆ ಕೊಟ್ಟರೆ ಆಯಿತು. ಮೊದಲ ಎರಡು ಡ್ರೈವ್ ಹೀಗೇ ಮುಗಿದವು. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಒಂದಕ್ಕೆ ‘ತೆಂಕುತಿಟ್ಟು’, ಇನ್ನೊಂದಕ್ಕೆ ‘ಬಡಗುತಿಟ್ಟು’. ಕಿತ್ತು ಮತ್ತೆ ಸಿಕ್ಕಿಸಿದಾಗ ‘31 ಜಿಬಿ ವಾಲ್ಯೂಮ್’ ಮಾಯ, ಹೆಸರು ಹಾಜರು.

ಮಾವ ಕನ್ನಡಕ ಏರಿಸಿ ನೋಡಿದರು. “ಎಡಬದಿಯಲ್ಲಿ ಇನ್ನೂ ಕಂಪನಿಯ ಹೆಸರೇ ಉಂಟಲ್ಲ?”

ಅದು ಹೋಗುವುದಿಲ್ಲ. ತಯಾರಕರ ಹೆಸರು, ಮಾಡೆಲ್ ಎಲ್ಲ ಡ್ರೈವ್‌ನೊಳಗಿನ ಕಂಟ್ರೋಲರ್ ಚಿಪ್ ಹೇಳುವ ಮಾತು. ನಾವು ಬದಲಿಸುವುದು ಚಿಪ್‌ನ ಹೆಸರನ್ನಲ್ಲ, ಅದರ ಮೇಲೆ ಕಟ್ಟಿದ ಫೈಲ್‌ಸಿಸ್ಟಮ್‌ನ, ಎಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯ, ಹೆಸರನ್ನು. ಹಾಗಾಗಿಯೇ ಯಾವ ಫೈಲ್‌ಸಿಸ್ಟಮ್ ಎಂಬುದರ ಮೇಲೆ ಹೆಸರಿನ ಉದ್ದ, ಅಕ್ಷರ, ಬಳಸುವ ಸಲಕರಣೆ ಎಲ್ಲವೂ ಬೇರೆಯಾಗುತ್ತದೆ. ಈ ಒಂದು ಮಾತು ಮೊದಲೇ ತಲೆಯಲ್ಲಿ ಕೂತಿದ್ದರೆ ನನಗೆ ಒಂದಷ್ಟು ಹೊತ್ತು ಉಳಿಯುತ್ತಿತ್ತು.

ಮೂರನೆಯದು ತಾಳಮದ್ದಳೆಯ ಡ್ರೈವ್. ಇದನ್ನು ಟರ್ಮಿನಲ್‌ನಲ್ಲಿ, ಎಂದರೆ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿಯಲ್ಲಿ, ಮಾಡೋಣ ಎನಿಸಿತು. ಎನಿಸಲು ಕಾರಣವೇನೂ ಇಲ್ಲ, ಮಾವ ಪಕ್ಕದಲ್ಲಿ ಕೂತು ನೋಡುತ್ತಿದ್ದರು ಅಷ್ಟೆ. ಮುಂದೆ ಬರುವ ಆದೇಶಗಳನ್ನು ಉಚ್ಚಾರಕ್ಕೆ ತಕ್ಕಂತೆ ಬರೆಯುತ್ತೇನೆ. ಹೊಡೆಯುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ, ಡ್ರೈವ್‌ಗೆ ಇಡುವ ಹೆಸರು ಮಾತ್ರ ದೊಡ್ಡಕ್ಷರ.

ಮೊದಲಿಗೆ ಎಲ್-ಎಸ್-ಬಿ-ಎಲ್-ಕೆ ಎಂಬ ಐದಕ್ಷರ, ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ತಾಗಿ ಎಫ್. ಕಂಪ್ಯೂಟರಿನಲ್ಲಿರುವ ಎಲ್ಲ ಡಿಸ್ಕುಗಳ ಪಟ್ಟಿ, ಫೈಲ್‌ಸಿಸ್ಟಮ್, ಹೆಸರು, ಯುಯುಐಡಿ ಎಂಬ ಗುರುತಿನ ಸಂಖ್ಯೆ, ಯಾವ ಫೋಲ್ಡರಿನಲ್ಲಿ ಮೌಂಟ್ ಆಗಿದೆ ಎಂಬುದೆಲ್ಲ ಬರುತ್ತದೆ. ಮಾವನ ಲ್ಯಾಪ್‌ಟಾಪಿನಲ್ಲಿ ಎಸ್‌ಡಿಎ ಎಂದರೆ ಒಳಗಿನ ಹಾರ್ಡ್‌ಡಿಸ್ಕ್, ಎಸ್‌ಡಿಬಿ ಎಂದರೆ ಪೆನ್‌ಡ್ರೈವ್, ಅದರ ಮೊದಲ ಪಾರ್ಟಿಷನ್ (ವಿಭಾಗ) ಎಸ್‌ಡಿಬಿ1. ಇಲ್ಲಿ ಅವಸರ ಮಾಡಬಾರದು. ನನ್ನ ಮನೆಯ ಕಂಪ್ಯೂಟರಿನಲ್ಲಿ ಒಳಗಿನ ಡಿಸ್ಕ್ ಎನ್‌ವಿಎಂಇ ಜಾತಿಯದ್ದು, ಅದರ ಹೆಸರೇ ಬೇರೆ; ಹಾಗಾಗಿ ಅಲ್ಲಿ ಪೆನ್‌ಡ್ರೈವೇ ಎಸ್‌ಡಿಎ ಆಗುತ್ತದೆ. ಆ ಅಭ್ಯಾಸಬಲದಲ್ಲಿ ಮಾವನ ಲ್ಯಾಪ್‌ಟಾಪಿನಲ್ಲಿ ಎಸ್‌ಡಿಎ ಎಂದು ಹೊಡೆದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಪ್ರತಿ ಸಲ ಗಾತ್ರ ನೋಡಿ ಖಾತ್ರಿ ಮಾಡಿಕೊಂಡೇ ಮುಂದೆ ಹೋದೆ.

ತಾಳಮದ್ದಳೆಯ ಡ್ರೈವ್ ಮೌಂಟ್ ಆದದ್ದು ‘4ಎ21-7ಸಿ0ಇ’ ಎಂಬ ಫೋಲ್ಡರಿನಲ್ಲಿ. ಹೆಸರಿಲ್ಲದ ಡ್ರೈವ್‌ಗೆ ಲಿನಕ್ಸ್ ಅದರ ಯುಯುಐಡಿಯನ್ನೇ ಫೋಲ್ಡರಿನ ಹೆಸರಾಗಿ ಕೊಡುತ್ತದೆ. “ಇದೆಂತದು, ಪಿನ್‌ಕೋಡಾ?” ಎಂದರು ಮಾವ. ಹೆಚ್ಚುಕಡಿಮೆ ಹೌದು. ಫಾರ್ಮ್ಯಾಟ್ ಮಾಡುವಾಗ ಹುಟ್ಟುವ ನಾಲ್ಕು ಬೈಟ್‌ನ ಸಂಖ್ಯೆ ಅದು; ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಅವರಿಗೆ ಇದು ತಕ್ಷಣ ಹಿಡಿಸಿತು. “ಸರಿಯೇ ಅಲ್ವಾ? ಮನೆಗೆ ‘ಶ್ರೀನಿಲಯ’ ಅಂತ ಇಡಲಿ, ‘ಮಾತೃಛಾಯಾ’ ಅಂತ ಇಡಲಿ, ನಮಗೆ 576101 ತಾನೇ.” ನಮ್ಮ ಕಡೆ ಮನೆಗೆ ನಂಬ್ರಕ್ಕಿಂತ ಹೆಸರೇ ಹೆಚ್ಚು. ಒಂದೇ ಬೀದಿಯ ನಾಲ್ಕು ‘ಶ್ರೀನಿಲಯ’ಗಳಿಗೆ ಕಾಗದ ಹಂಚಿದವರಿಗೆ ನಾನು ಯುಯುಐಡಿ ಏಕೆ ಬೇಕೆಂದು ಹೇಳಿಕೊಡಬೇಕೇ?

ಮುಂದಿನದು ಅನ್‌ಮೌಂಟ್. ಆದೇಶದಲ್ಲಿ ‘ಯು’ ಆದ ಮೇಲೆ ‘ಎನ್’ ಇಲ್ಲ, ನೇರ ‘ಮೌಂಟ್’. ಎಷ್ಟು ವರ್ಷವಾದರೂ ನನ್ನ ಬೆರಳು ಎನ್ ಸೇರಿಸಿಯೇ ಸೇರಿಸುತ್ತದೆ. ಸರಿಯಾಗಿ ಹೊಡೆದಾಗ ಬಂದ ಉತ್ತರ, ಟಾರ್ಗೆಟ್ ಬ್ಯುಸಿ. ಯಾರೋ ಆ ಡ್ರೈವ್ ಹಿಡಿದುಕೊಂಡಿದ್ದಾರೆ ಎಂದರ್ಥ. ಟರ್ಮಿನಲ್ ಆ ಫೋಲ್ಡರಿನೊಳಗೇ ನಿಂತಿದ್ದರೂ ಹೀಗಾಗುತ್ತದೆ, ಹಾಗಾಗಿ ಹೊರಗೆ ಬಂದು ನೋಡಿದೆ. ಮತ್ತೆ ಬ್ಯುಸಿ. ‘ಫ್ಯೂಸರ್’ ಎಂಬ ಆದೇಶಕ್ಕೆ ಅಡ್ಡಗೆರೆ, ವಿ, ಎಂ ಸೇರಿಸಿ ಕೇಳಿದರೆ ಯಾವ ಪ್ರೋಗ್ರಾಂ ಎಂದು ಹೇಳುತ್ತದೆ. ಹಾಡು, ವಿಡಿಯೊ ಓಡಿಸುವ ವಿಎಲ್‌ಸಿ. ಮಾವ ಹಿಂದಿನ ರಾತ್ರಿ ಕೇಳುತ್ತಾ ನಿದ್ದೆ ಹೋಗಿದ್ದ ಪ್ರಸಂಗ ಕೆಳಗೆ ಅರ್ಧಕ್ಕೆ ನಿಂತು ಕೂತಿತ್ತು. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಅರ್ಧಕ್ಕೆ ನಿಲ್ಲಿಸಬಾರದೆಂದು ಮಾವನ ಹಟ. ಅವರ ಮೊದಲ ಮಾತಾದ ಪೀಠಿಕೆ ಮುಗಿಯುವ ತನಕ ಹತ್ತು ನಿಮಿಷ ಕಾದೆವು. ಅತ್ತೆ ಹಲಸಿನ ಹಪ್ಪಳ ಕಾಯಿಸಿ ತಂದರು.

ವಿಎಲ್‌ಸಿ ಮುಚ್ಚಿ, ಅನ್‌ಮೌಂಟ್ ಮಾಡಿ, ಹಪ್ಪಳದ ಎಣ್ಣೆ ಒರಸಿಕೊಂಡು ಹೊಡೆದದ್ದು ಇದು: ‘ಸುಡೊ ಫ್ಯಾಟ್‌ಲೇಬಲ್ /ಡೆವ್/ಎಸ್‌ಡಿಬಿ1’, ಜಾಗ ಬಿಟ್ಟು ಹೆಸರು. ಸುಡೊ ಎಂದರೆ ಮೇಲಧಿಕಾರದಿಂದ ಮಾಡು ಎಂದು. ಫ್ಯಾಟ್‌ಲೇಬಲ್ ಒಂದೇ ಪದ, ಈ ಡ್ರೈವ್‌ನಲ್ಲಿರುವ ಫ್ಯಾಟ್ ಎಂಬ ಫೈಲ್‌ಸಿಸ್ಟಮ್‌ಗೆ ಹೆಸರಿಡುವ ಸಲಕರಣೆ. ಹೆಸರು ಬಿಟ್ಟು ಅಷ್ಟನ್ನೇ ಹೊಡೆದರೆ ಈಗಿರುವ ಹೆಸರು ತೋರಿಸುತ್ತದೆ, ಅದು ಒಳ್ಳೆಯ ಪರೀಕ್ಷೆ.

ಹೆಸರಿಗೆ ಮಿತಿ ಹನ್ನೊಂದು ಅಕ್ಷರ. ಈ ಹನ್ನೊಂದು ಎಲ್ಲಿಂದ ಬಂತೆಂದರೆ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಿಂದ. ಆಗ ಫೈಲಿನ ಹೆಸರು ಎಂಟಕ್ಷರ, ಬಾಲ ಮೂರಕ್ಷರ. ಫ್ಯಾಟ್‌ನಲ್ಲಿ ಡ್ರೈವ್‌ನ ಹೆಸರೂ ಮೂಲ ಫೋಲ್ಡರಿನಲ್ಲಿ ಫೈಲಿನಂತೆಯೇ ಒಂದು ಸಾಲು. ಎಂಟು ಮತ್ತು ಮೂರು ಕೂಡಿಸಿದರೆ ಸಿಗುವ ಜಾಗವೇ ಅದಕ್ಕೂ. ಸಣ್ಣಕ್ಷರ ಕೊಟ್ಟರೆ ಕೆಲವು ಕಡೆ ಸರಿಹೋಗಲಿಕ್ಕಿಲ್ಲ ಎಂದು ಫ್ಯಾಟ್‌ಲೇಬಲ್ ಎಚ್ಚರಿಸುತ್ತದೆ. ಚುಕ್ಕೆ, ಓರೆಗೆರೆಯಂಥವು ಬೇಡ. ‘ತಾಳಮದ್ದಳೆ’ಯನ್ನು ಇಂಗ್ಲಿಷಿನಲ್ಲಿ ಬೆರಳು ಮಡಚಿ ಎಣಿಸಿದೆ: ಟಿ, ಎ, ಎಲ್, ಎ, ಎಂ, ಎ, ಡಿ, ಡಿ, ಎ, ಎಲ್, ಇ. ಸರಿಯಾಗಿ ಹನ್ನೊಂದು. ‘ಬಡಗುತಿಟ್ಟು’ ಕೂಡ ಹನ್ನೊಂದೇ, ‘ತೆಂಕುತಿಟ್ಟು’ ಹತ್ತು. ತೆಂಕಿನವರಿಗೆ ಒಂದಕ್ಷರ ಉಳಿತಾಯವಾಯಿತೆಂದು ಮಾವನಿಗೆ ಸಣ್ಣ ಬೇಸರ. ಅವರು ಬಡಗಿನ ಪಕ್ಷ.

ಕನ್ನಡದಲ್ಲೇ ಇಡೋಣ ಎಂದರು. ಪ್ರಯತ್ನಿಸಿದೆ, ಫ್ಯಾಟ್‌ಲೇಬಲ್ ಒಪ್ಪಲಿಲ್ಲ. ಅಲ್ಲಿ ಹೆಸರು ಕೋಡ್‌ಪೇಜ್ ಎಂಬ ಹಳೆಯ ಡಾಸ್ ಅಕ್ಷರಪಟ್ಟಿಯಲ್ಲಿ ಕೂರಬೇಕು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ.

ಹೆಸರು ನಿಜವಾಗಿ ಎಲ್ಲಿ ಬರೆದಿದೆ ನೋಡುವ ಚಪಲ. ಪಾರ್ಟಿಷನ್‌ನ ಮೊದಲ 512 ಬೈಟ್ (ಇದಕ್ಕೆ ಬೂಟ್ ಸೆಕ್ಟರ್ ಎನ್ನುತ್ತಾರೆ) ಓದಿ, ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್‌ಡಂಪ್‌ಗೆ ಕೊಟ್ಟೆ. ಓದುವುದಷ್ಟೆ, ಬರೆಯುವುದಲ್ಲ, ಆದೇಶ ಹೊಡೆಯುವಾಗ ಆ ಎರಡರ ದಿಕ್ಕು ತಪ್ಪಿದರೆ ಮಾತ್ರ ಕಣ್ಣೀರು. ಸಾಲಿಗೆ ಹದಿನಾರು ಬೈಟ್‌ನಂತೆ ಬಂತು. ಎಣಿಕೆ ಸೊನ್ನೆಯಿಂದ, ಹಾಗಾಗಿ ಐದನೇ ಸಾಲು 64ನೇ ಬೈಟ್‌ನಿಂದ ಶುರು. ಹೆಸರು ಆರಂಭವಾಗುವುದು 71ರಿಂದ. ಆ ಸಾಲಿನ ಕೊನೆಗೆ ‘ತಾಳಮದ್ದ’ ವರೆಗಿನ ಒಂಬತ್ತು ಅಕ್ಷರ, ಉಳಿದ ಎಲ್ ಮತ್ತು ಇ ಮುಂದಿನ ಸಾಲಿನಲ್ಲಿ, ಅದಕ್ಕೆ ಉಸಿರಾಡಲೂ ಜಾಗವಿಲ್ಲದಂತೆ ಅಂಟಿಕೊಂಡು ‘ಫ್ಯಾಟ್32’ ಎಂಬ ಬರಹ. ಹನ್ನೊಂದೂ ತುಂಬಿದ್ದರಿಂದ ನಡುವೆ ಒಂದು ಖಾಲಿ ಬೈಟ್ ಕೂಡ ಉಳಿದಿರಲಿಲ್ಲ. ಹೆಸರಿನ ಹಿಂದಿನ ನಾಲ್ಕು ಬೈಟ್ 0ಇ, 7ಸಿ, 21, 4ಎ. ಮಾವನ ಪಿನ್‌ಕೋಡ್, ತಿರುಗುಮುರುಗಾಗಿ. ಅದಕ್ಕೂ ಹಿಂದೆ, 65ನೇ ಜಾಗದಲ್ಲಿ, ಒಂದು ಸೊನ್ನೆ. ಈ ಸೊನ್ನೆಯನ್ನು ನೆನಪಿಡಿ, ಭಜನೆಯ ಡ್ರೈವ್‌ನಲ್ಲಿ ಬರುತ್ತದೆ.

ಅಂದರೆ ಹೆಸರು ಎರಡು ಕಡೆ ಇದೆ: ಇಲ್ಲಿ ಬೂಟ್ ಸೆಕ್ಟರಿನಲ್ಲೊಮ್ಮೆ, ಮೂಲ ಫೋಲ್ಡರಿನಲ್ಲೊಮ್ಮೆ. ಎರಡೂ ಕಡೆ ಬರೆಯದ ಸಲಕರಣೆಯಿಂದ ಹೆಸರಿಟ್ಟರೆ ಒಂದು ಯಂತ್ರದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಕಾಣಬಹುದು. ಲಿನಕ್ಸ್ ಮೊದಲು ನೋಡುವುದು ಮೂಲ ಫೋಲ್ಡರನ್ನು. ಹೆಸರೇ ಇಡದ ಡ್ರೈವ್‌ನ ಬೂಟ್ ಸೆಕ್ಟರಿನಲ್ಲಿ ‘ನೋ ನೇಮ್’ ಎಂದು ಇರುತ್ತದೆ. ಅದನ್ನು ಲಿನಕ್ಸ್ ಹೆಸರೆಂದು ಲೆಕ್ಕಿಸುವುದಿಲ್ಲ. ‘31 ಜಿಬಿ ವಾಲ್ಯೂಮ್’ ಹುಟ್ಟಿದ್ದು ಹಾಗೆ.

ನಾಲ್ಕನೆಯದಾದ ಭಜನೆಯ ಡ್ರೈವ್ ಆಮೇಲೆ. ಐದನೆಯದು ವಿಡಿಯೊ ಡ್ರೈವ್, 64 ಜಿಬಿ. ಇದರ ಮೇಲೆ ಫ್ಯಾಟ್‌ಲೇಬಲ್ ಓಡಿಸಲು ಹೋಗಿ ಬೈಸಿಕೊಂಡೆ. ಇದರದ್ದು ಎಕ್ಸ್‌ಫ್ಯಾಟ್ ಎಂಬ ಬೇರೆ ಫೈಲ್‌ಸಿಸ್ಟಮ್. ಇಡೀ ರಾತ್ರಿಯ ಆಟದ ವಿಡಿಯೊ ಒಂದೇ ಫೈಲ್ ಆಗಿ 4 ಜಿಬಿ ದಾಟುತ್ತದೆ, ಫ್ಯಾಟ್32ರಲ್ಲಿ ಅಷ್ಟು ದೊಡ್ಡ ಫೈಲ್ ಹಿಡಿಯುವುದಿಲ್ಲ. ಅದಕ್ಕೇ ಇದನ್ನು ಬೇರೆ ಕೊಂಡದ್ದು. ಇದಕ್ಕೆ ‘ಎಕ್ಸ್‌ಫ್ಯಾಟ್‌ಲೇಬಲ್’ ಬೇಕು, ಎಕ್ಸ್‌ಫ್ಯಾಟ್‌ಪ್ರಾಗ್ಸ್ ಎಂಬ ಪ್ಯಾಕೇಜಿನಲ್ಲಿ ಬರುತ್ತದೆ. ಬಳಸುವ ರೀತಿ ಅದೇ. ಮಿತಿಯೂ ಹನ್ನೊಂದೇ, ಆದರೆ ಇಲ್ಲಿ ಹೆಸರು ಎಲ್ಲ ಭಾಷೆಯ ಲಿಪಿಗೂ ಜಾಗವಿರುವ ಯುನಿಕೋಡ್‌ನಲ್ಲಿ ಕೂರುತ್ತದೆ. ಎಂದರೆ ಕನ್ನಡ ನಡೆಯುತ್ತದೆ.

ಎಣಿಸುವಾಗ ಮಾತ್ರ ನಮ್ಮ ಕಣ್ಣಿಗೆ ಕಾಣುವ ಅಕ್ಷರ ಲೆಕ್ಕವಲ್ಲ. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದ ನಡುವೆ ಅಡಗಿರುವ ಹಲಂತ ಎಲ್ಲವೂ ಒಂದೊಂದು. ‘ಯಕ್ಷಗಾನ’ ಕಣ್ಣಿಗೆ ನಾಲ್ಕು, ಕಂಪ್ಯೂಟರಿಗೆ ಏಳು. ‘ತೆಂಕುತಿಟ್ಟು’ ಸರಿಯಾಗಿ ಹನ್ನೊಂದು, ‘ಬಡಗುತಿಟ್ಟು’ ಹತ್ತು. ಇಂಗ್ಲಿಷಿನ ಲೆಕ್ಕ ಇಲ್ಲಿ ತಲೆಕೆಳಗಾಯಿತು, ಮಾವನಿಗೆ ಸಮಾಧಾನವಾಯಿತು. ‘ಯಕ್ಷಗಾನ’ ಎಂದೇ ಇಟ್ಟೆವು. ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರ ಮೂಡಿದಾಗ ಅವರು ಅತ್ತೆಯನ್ನು ಅಡುಗೆಮನೆಯಿಂದ ಕರೆದು ತೋರಿಸಿದರು.

ಇಷ್ಟಾಗುವಾಗ ನನ್ನ ಬ್ಯಾಕಪ್ ಡ್ರೈವ್ ನೆನಪಾಯಿತು. ಅದರದ್ದು ಲಿನಕ್ಸಿನದೇ ಫೈಲ್‌ಸಿಸ್ಟಮ್ ಆದ ಎಕ್ಸ್ಟ್4. ಅದಕ್ಕೆ ಇ-2-ಲೇಬಲ್ ಎಂಬ ಆದೇಶ, ಮಿತಿ 16. ಹದಿನಾರು ಅಕ್ಷರ ಎಂದು ಹಿಗ್ಗಬೇಡಿ, ಹದಿನಾರು ಬೈಟ್. ಯುನಿಕೋಡನ್ನು ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್, ಹಾಗಾಗಿ ಐದು ಚಿಹ್ನೆಗೆ ಕತೆ ಮುಗಿಯುತ್ತದೆ. ನಾನಿರುವುದು ಮಂಗಳೂರಿನಲ್ಲಿ, ‘ಮಂಗಳೂರು’ ಎಂದು ಕೊಟ್ಟೆ. ಉದ್ದ ಹೆಚ್ಚಾಯಿತು, ಕತ್ತರಿಸುತ್ತಿದ್ದೇನೆ ಎಂದಿತು. ಕತ್ತರಿಸಿದ್ದು ಎಲ್ಲಿ ಎಂದರೆ ‘ಮಂಗಳೂ’ ಆದ ಮೇಲೆ ‘ರ’ದ ಮೂರು ಬೈಟ್‌ನಲ್ಲಿ ಒಂದನ್ನು ಉಳಿಸಿಕೊಂಡು. ಅದು ತೆರೆಯ ಮೇಲೆ ಕುರೂಪವಾಗಿ ಕಂಡಿತು.

“ಉಡುಪಿ ಹಾಕಿ ನೋಡು.”

ಉ, ಡ, ಉಕಾರ, ಪ, ಇಕಾರ. ಐದು ಚಿಹ್ನೆ, ಹದಿನೈದು ಬೈಟ್. ಕೂತಿತು, ಒಂದು ಬೈಟ್ ಮಿಕ್ಕಿತು. ಮಾವ ಏನೂ ಹೇಳಲಿಲ್ಲ, ಕಾಫಿ ಲೋಟ ಎತ್ತಿ ಸೊರ್ ಎಂದು ಕುಡಿದರು. ಮಂಗಳೂರಿನಲ್ಲಿ ನನ್ನ ಮೇಜಿನ ಮೇಲಿರುವ ಬ್ಯಾಕಪ್ ಡ್ರೈವ್‌ಗೆ ಇವತ್ತಿಗೂ ‘ಉಡುಪಿ’ ಎಂದೇ ಹೆಸರು.

ಭಜನೆಯ ಡ್ರೈವ್ ಅಂದು ಮನೆಯಲ್ಲಿರಲಿಲ್ಲ, ಭಜನಾ ಮಂಡಳಿಯವರು ಒಯ್ದಿದ್ದರು. ರಾತ್ರಿಯ ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಪಡುಬಿದ್ರಿ ದಾಟುವಷ್ಟರಲ್ಲಿ ಫೋನ್.

“ಪ್ಲೇಲಿಸ್ಟ್ ಒಂದೂ ಓಡುವುದಿಲ್ಲ ಮಾರಾಯ. ಎಲ್ಲಾ ಡಿಲೀಟ್ ಆಯ್ತಾ ಹೇಗೆ?”

ಎದೆ ಧಸಕ್ಕೆಂದಿತು. ಫೋಲ್ಡರ್ ತೆರೆದು ಫೈಲುಗಳಿವೆಯೇ ನೋಡಿ ಎಂದೆ. ಎಲ್ಲವೂ ಇದ್ದವು. ಒಂದೊಂದಾಗಿ ಒತ್ತಿದರೆ ಹಾಡುತ್ತಿದ್ದವು, ಪ್ಲೇಲಿಸ್ಟ್ ಮಾತ್ರ ಮೂಕ. ಆಗ ಹೊಳೆಯಿತು. ಮಾವ ವಿಎಲ್‌ಸಿಯಲ್ಲಿ ವರ್ಷಗಟ್ಟಲೆ ಕೂತು ಮಾಡಿಟ್ಟ ಪ್ಲೇಲಿಸ್ಟ್‌ಗಳಲ್ಲಿ ಪ್ರತಿ ಫೈಲಿನ ಪೂರ್ತಿ ವಿಳಾಸ ಬರೆದಿರುತ್ತದೆ, ಆ ವಿಳಾಸದಲ್ಲಿ ‘4ಎ21-7ಸಿ0ಇ’ ಎಂಬ ಫೋಲ್ಡರ್ ಇದೆ. ಹೆಸರಿಟ್ಟ ಮೇಲೆ ಡ್ರೈವ್ ಮೌಂಟ್ ಆಗುವುದು ‘ತಾಳಮದ್ದಳೆ’ ಎಂಬ ಫೋಲ್ಡರಿನಲ್ಲಿ. ಪಿನ್‌ಕೋಡ್ ಬದಲಾಗಿಲ್ಲ, ಮನೆಯ ಫಲಕ ಬದಲಾಗಿದೆ. ಪ್ಲೇಲಿಸ್ಟ್ ಹಳೆಯ ಫಲಕ ಹುಡುಕುತ್ತಾ ಬೀದಿಯಲ್ಲಿ ನಿಂತಿದೆ. ಇದನ್ನು ಮೊದಲೇ ಯೋಚಿಸಬೇಕಿತ್ತು. ಹೆಸರು ಬದಲಿಸುವ ಮುಂಚೆ ಯಾವ ಪ್ಲೇಲಿಸ್ಟ್, ಯಾವ ಶಾರ್ಟ್‌ಕಟ್, ಯಾವ ಬ್ಯಾಕಪ್ ಸ್ಕ್ರಿಪ್ಟ್ ಹಳೆಯ ದಾರಿ ಹಿಡಿದಿದೆ ಎಂದು ನೋಡದೆ ಕೈಹಾಕಬಾರದು.

ಮುಂದಿನ ಶನಿವಾರ ಹೋಗಿ ಸರಿಮಾಡಿದೆ. ಪ್ಲೇಲಿಸ್ಟ್ ಬರೀ ಪಠ್ಯದ ಕಡತ, ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಹಳೆಯ ಫೋಲ್ಡರಿನ ಹೆಸರು ಇರುವಲ್ಲೆಲ್ಲ ಹೊಸದನ್ನು ಹಾಕು ಎಂದರೆ ಒಂದೇ ಏಟಿಗೆ ಆಗುತ್ತದೆ. ಮೂರು ಡ್ರೈವ್‌ನ ಪ್ಲೇಲಿಸ್ಟುಗಳನ್ನು ಮೊದಲು ನಕಲು ಮಾಡಿಟ್ಟು, ಆಮೇಲೆ ಬದಲಿಸಿದೆ.

ಭಜನೆಯ ಡ್ರೈವ್ ಬಂದಿತ್ತು. ಬಂದದ್ದು ಕೊಳೆಯಾಗಿ. ಇದು ನನ್ನ ಮಾತಲ್ಲ, ಕಂಪ್ಯೂಟರಿನದ್ದು: ಡರ್ಟಿ ಬಿಟ್ ಸೆಟ್ ಆಗಿದೆ, ಹಿಂದಿನ ಸಲ ಸರಿಯಾಗಿ ಅನ್‌ಮೌಂಟ್ ಮಾಡಿಲ್ಲ ಎಂದಿತು ಫೈಲ್‌ಸಿಸ್ಟಮ್ ಪರೀಕ್ಷಿಸುವ ‘ಎಫ್‌ಎಸ್‌ಸಿಕೆ ಡಾಟ್ ಫ್ಯಾಟ್’ ಆದೇಶ. ಹೆಸರಿಡುವ ಮುಂಚೆ ಯಾಕೋ ಪರೀಕ್ಷಿಸೋಣ ಎನಿಸಿ ಅಡ್ಡಗೆರೆ ಎನ್ ಸೇರಿಸಿ ಓಡಿಸಿದ್ದೆ. ಹಾಗೆ ಓಡಿಸಿದರೆ ಅದು ಏನನ್ನೂ ಬರೆಯುವುದಿಲ್ಲ, ದೋಷ ಮಾತ್ರ ಹೇಳುತ್ತದೆ. ಜೊತೆಗೆ ಬೂಟ್ ಸೆಕ್ಟರಿಗೂ ಅದರ ನಕಲಿಗೂ ವ್ಯತ್ಯಾಸವಿದೆ ಎಂದು ‘65:01/00’ ಎಂಬ ಸಂಖ್ಯೆ ತೋರಿಸಿತು. ಅದೇ 65ನೇ ಬೈಟ್. ಡ್ರೈವ್ ಮೌಂಟ್ ಆದಾಗ ಅಲ್ಲಿ 1, ಸರಿಯಾಗಿ ಬಿಡಿಸಿದಾಗ 0. ಹಾಡುತ್ತಿರುವಾಗಲೇ ಕಿತ್ತುಕೊಂಡು ಹೋದರೆ 1 ಹಾಗೇ ಉಳಿಯುತ್ತದೆ. ಮಂಡಳಿಯಲ್ಲಿ ಮಂಗಳಾರತಿ ಆದ ಕೂಡಲೇ ಕಿತ್ತಿರಬೇಕು.

ಎರಡನೇ ಸಲ ಎನ್ ಬಿಟ್ಟು ‘ಆರ್’ ಹಾಕಿ ಓಡಿಸಿದೆ, ಒಂದೊಂದು ದೋಷಕ್ಕೂ ಏನು ಮಾಡಲಿ ಎಂದು ಕೇಳುತ್ತದೆ. ನಕಲಿನ ವ್ಯತ್ಯಾಸಕ್ಕೆ ಏನೂ ಮಾಡಬೇಡ ಎಂದೆ, ಡರ್ಟಿ ಬಿಟ್ ತೆಗೆ ಎಂದೆ. ಒಂದನ್ನು ಸೊನ್ನೆ ಮಾಡಿದರೆ ಎರಡೂ ತಾನಾಗಿ ಹೊಂದುತ್ತವಲ್ಲ. ಕೊನೆಗೆ ಬರೆಯಲೇ ಎಂದಿತು, ಹೌದು ಎಂದೆ. ಮತ್ತೊಮ್ಮೆ ಎನ್ ಹಾಕಿ ನೋಡಿದಾಗ ತಕರಾರಿಲ್ಲ. ಆಮೇಲೆ ಫ್ಯಾಟ್‌ಲೇಬಲ್, ‘ಭಜನೆ’, ಏಳೇ ಅಕ್ಷರ.

ಅಷ್ಟರಲ್ಲಿ ಮಾವ ವಿಡಿಯೊ ಡ್ರೈವ್ ಹಿಡಿದು ಚಾವಡಿಯಿಂದ ಬಂದರು. ಟಿವಿಗೆ ಸಿಕ್ಕಿಸಿದ್ದರಂತೆ. ವಿಡಿಯೊ ಓಡುತ್ತದೆ, ಹೆಸರಿದ್ದಲ್ಲಿ ಸಾಲಾಗಿ ಖಾಲಿ ಚೌಕಗಳು. ಟಿವಿಯಲ್ಲಿ ಕನ್ನಡದ ಫಾಂಟ್ ಇಲ್ಲ, ಅದಕ್ಕೆ ನಾನೇನೂ ಮಾಡುವಂತಿಲ್ಲ. ‘ಯಕ್ಷವಿಡಿಯೊ’ ಎಂದು ಇಂಗ್ಲಿಷಿನಲ್ಲಿ ಬರೆದರೆ ಅದೂ ಹನ್ನೊಂದೇ ಅಕ್ಷರ ಬರುತ್ತದೆ, ಹಾಕಿಕೊಡಲೇ ಎಂದೆ. ಮಾವ ಸ್ವಲ್ಪ ಹೊತ್ತು ಡ್ರೈವನ್ನು ತಿರುಗಿಸಿ ತಿರುಗಿಸಿ ನೋಡಿ, “ಬೇಡ, ಚೌಕ ಕಂಡ್ರೆ ಇದು ವಿಡಿಯೊದ್ದು ಅಂತ ಗೊತ್ತಾಗ್ತದಲ್ಲ” ಎಂದು ವಾಪಸು ಬಾಟ್ಲಿಗೆ ಹಾಕಿದರು.